ಯಾರ ಹಣ, ಯಾರ ಧೈರ್ಯ?

ನಿವೃತ್ತ ಶಾಲಾ ಶಿಕ್ಷಕರೊಬ್ಬರು ನಮಗೆ ಬಹುಕಾಲದ ಪರಿಚಿತರು. ಕೆಲಸದಿಂದ ಇಳಿದಾಗ ಕೈಗೆ ಬಂದ ಗಂಟನ್ನು ಬ್ಯಾಂಕಿನಲ್ಲಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಪಾಸ್‌ಬುಕ್ ತೆಗೆದು ಬಡ್ಡಿ ಎಷ್ಟಾಯಿತೆಂದು ಕೂಡಿಸಿ, ಅಷ್ಟನ್ನೂ ಯಾರಾದರೂ ಬಡವರಿಗೆ ಕೊಟ್ಟುಬಿಡುತ್ತಾರೆ. ಅದಕ್ಕೆ ಪುಣ್ಯ ಸಿಗಬೇಕೆಂಬ ಆಸೆಯೂ ಅವರಿಗಿಲ್ಲ, ತನ್ನದಲ್ಲದ ಹಣ ಮನೆಯಿಂದ ಹೊರಗೆ ಹೋದರೆ ಸಾಕು. ಅಸಲು ಅಲ್ಲೇ ಇದೆ. ಆದರೆ ಅಕ್ಕಿ, ಎಣ್ಣೆ, ಔಷಧಿಗಳ ಬೆಲೆ ಅಲ್ಲೇ ಇಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಮಗ ಒಂದು ದಿನ ಊರಿಗೆ ಬಂದವನು, "ಅಬ್ಬಾ, ನಿಮ್ಮದು ಬರೀ ಹೆದರಿಕೆ. ಷೇರಿನಲ್ಲಿ ಬಡ್ಡಿಯ ತಂಟೆಯೂ ಇಲ್ಲ, ಹಣವೂ ಬೆಳೆಯುತ್ತದೆ. ಮೊದಲು ಈ ಸೀರಿಯಲ್ ನೋಡಿ, ಆಮೇಲೆ ಮಾತಾಡೋಣ" ಎಂದು ತನ್ನ ಲ್ಯಾಪ್‌ಟಾಪನ್ನು ಅವರ ಮುಂದೆ ಬಿಚ್ಚಿಟ್ಟನಂತೆ. ಮೇಷ್ಟ್ರು ಹತ್ತೂ ಕಂತುಗಳನ್ನು ನೋಡಿದರು. ನೋಡಿ ಮುಗಿಸಿ ನಮ್ಮ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲ ಚೆನ್ನಾಗಿದೆ. ಆದರೆ ಇದರಲ್ಲಿ ನನ್ನಂಥವನು ಎಲ್ಲಿದ್ದಾನೆ?"

ಆ ಸೀರಿಯಲ್ 'ಸ್ಕ್ಯಾಮ್ 1992: ದಿ ಹರ್ಷದ್ ಮೆಹ್ತಾ ಸ್ಟೋರಿ'. ಹನ್ಸಲ್ ಮೆಹ್ತಾ ನಿರ್ದೇಶಿಸಿದ ಈ ಹಿಂದಿ ಧಾರಾವಾಹಿ 2020ರ ಅಕ್ಟೋಬರಿನಲ್ಲಿ ಸೋನಿ ಲಿವ್‌ನಲ್ಲಿ ಬಂತು. ಪತ್ರಕರ್ತರಾದ ದೇಬಾಶಿಸ್ ಬಸು ಮತ್ತು ಸುಚೇತಾ ದಲಾಲ್ 1993ರಲ್ಲಿ ಬರೆದ ಪುಸ್ತಕ ಇದಕ್ಕೆ ಆಧಾರ. ಹರ್ಷದ್ ಪಾತ್ರದ ಪ್ರತೀಕ್ ಗಾಂಧಿ ಒಂದೇ ರಾತ್ರಿಯಲ್ಲಿ ಮನೆಮಾತಾದರು. ಅದರ ಶೀರ್ಷಿಕೆ ಸಂಗೀತ ಹುಡುಗರ ಮೊಬೈಲುಗಳಲ್ಲಿ ಮೊಳಗಿತು. ಅಪಾಯವೆಂದರೆ ಪ್ರೇಮವೇ ಎಂಬರ್ಥದ ಅದರ ಒಂದು ಸಂಭಾಷಣೆ ಟೀ ಶರ್ಟುಗಳ ಮೇಲೂ ಬಂತು. ಕಾಲವೂ ಹಾಗೇ ಕೂಡಿ ಬಂದಿತ್ತು. ಎಲ್ಲರೂ ಮನೆಯೊಳಗೆ ಕುಳಿತಿದ್ದ ಕೊರೊನಾ ವರ್ಷ. ಷೇರು ಕೊಳ್ಳಲು ಬೇಕಾದ ಡಿಮ್ಯಾಟ್ ಖಾತೆಗಳು ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದವು. 2024ರ ಮಾರ್ಚ್ ವೇಳೆಗೆ 15 ಕೋಟಿ ದಾಟಿದವು. ಇದೆಲ್ಲ ಒಂದು ಧಾರಾವಾಹಿಯ ಪ್ರಭಾವವೆಂದು ಯಾರೂ ಹೇಳಲಾರರು. ಆದರೆ ಆ ಹೊಸ ಹೂಡಿಕೆದಾರರಿಗೆ ಒಬ್ಬ ನಾಯಕ, ಒಂದು ಘೋಷಣೆ, ಒಂದು ಹಿನ್ನೆಲೆ ಸಂಗೀತ ಇದರಿಂದ ದೊರೆತದ್ದಂತೂ ನಿಜ. ಆದ್ದರಿಂದ ಇದನ್ನು ಬರೀ ಮನರಂಜನೆಯೆಂದು ತಳ್ಳಿಹಾಕದೆ, ಇದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ನೋಡುವುದು ಅಗತ್ಯ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ನಮ್ಮ ಚಲನಚಿತ್ರಗಳಲ್ಲಿ ಹಣವೆಂದರೆ ಸೂಟ್‌ಕೇಸಿನಲ್ಲಿ ತುಂಬಿದ ನೋಟಿನ ಕಟ್ಟು. ಬ್ಯಾಂಕ್ ಎಂದರೆ ದರೋಡೆಯ ಜಾಗ. ಸರಕಾರಿ ಸಾಲಪತ್ರ ಅಥವಾ ಬಾಂಡು ಎಂಬ ನೀರಸ ವಸ್ತುವನ್ನು ಕಥೆಯ ನಡುಮಧ್ಯೆ ತಂದು ಕೂರಿಸಿ, ಅದರ ವಹಿವಾಟು ಹೇಗೆ ನಡೆಯುತ್ತಿತ್ತೆಂದು ಸಾಮಾನ್ಯ ನೋಡುಗನಿಗೆ ತಿಳಿಯುವಂತೆ ತೋರಿಸಿದ್ದು ಈ ಧಾರಾವಾಹಿಯ ನಿಜವಾದ ಸಾಧನೆ. 1992ರ ಹಗರಣವನ್ನು ನಾವೆಲ್ಲ 'ಷೇರು ಹಗರಣ' ಎಂದೇ ಕರೆದು ಅಭ್ಯಾಸ. ವಾಸ್ತವದಲ್ಲಿ ಅದು ಹುಟ್ಟಿದ್ದು ಷೇರುಪೇಟೆಯಲ್ಲಲ್ಲ, ದೇಶದಲ್ಲಿ ಅತ್ಯಂತ ಭದ್ರವೆಂದು ಎಲ್ಲರೂ ನಂಬಿದ್ದ ಸರಕಾರಿ ಬಾಂಡುಗಳ ಪೇಟೆಯಲ್ಲಿ.

ಆಗ ಬ್ಯಾಂಕುಗಳು ತಮ್ಮಲ್ಲಿ ಸೇರಿದ ನೂರು ರೂಪಾಯಿ ಠೇವಣಿಯಲ್ಲಿ 38 ರೂಪಾಯಿ 50 ಪೈಸೆಯನ್ನು ಮುಖ್ಯವಾಗಿ ಸರಕಾರಿ ಸಾಲಪತ್ರಗಳಲ್ಲಿ ಇಡಲೇಬೇಕಿತ್ತು. ಒಂದು ಬ್ಯಾಂಕಿಗೆ ಪತ್ರ ಕಡಿಮೆ ಬಿದ್ದರೆ, ಇನ್ನೊಂದಕ್ಕೆ ಹಣ ಕಡಿಮೆ ಬೀಳುತ್ತಿತ್ತು. ಆಗ ಒಂದು ಬ್ಯಾಂಕು ತನ್ನ ಬಾಂಡನ್ನು ಇನ್ನೊಂದಕ್ಕೆ ಮಾರಿ, ಹದಿನೈದು ದಿನ ಬಿಟ್ಟು ತುಸು ಹೆಚ್ಚಿನ ಬೆಲೆಗೆ ಮರಳಿ ಕೊಳ್ಳುವುದಾಗಿ ಒಪ್ಪುತ್ತಿತ್ತು. ಇದಕ್ಕೆ 'ರೆಡಿ ಫಾರ್ವರ್ಡ್' ಎಂದು ಹೆಸರು. ಹೆಸರು ಮಾರಾಟದ್ದು, ಒಳಗಿನದು ಬಾಂಡು ಅಡವಿಟ್ಟು ಪಡೆದ ಸಾಲ. ನಡುವೆ ಒಬ್ಬ ದಲ್ಲಾಳಿ ಇರುತ್ತಿದ್ದ. ಬಾಂಡು ಕೈಯಿಂದ ಕೈಗೆ ಹೋಗುತ್ತಿರಲಿಲ್ಲ. ಅದರ ಬದಲು ಮಾರಿದ ಬ್ಯಾಂಕು ಒಂದು ರಸೀದಿ ಬರೆದು ಕೊಡುತ್ತಿತ್ತು. ಸಾಲಪತ್ರಗಳ ಒಡೆತನದ ಲೆಕ್ಕವನ್ನು ರಿಸರ್ವ್ ಬ್ಯಾಂಕಿನ ಕಚೇರಿಯಲ್ಲಿ ಕೈಬರಹದ ಪುಸ್ತಕಗಳಲ್ಲಿ ಇಡಲಾಗುತ್ತಿತ್ತು. ಹರ್ಷದ್ ಮೆಹ್ತಾ ಈ ಎರಡು ಬ್ಯಾಂಕುಗಳ ನಡುವಿನ ಸಂದಿಯಲ್ಲಿ ನಿಂತ. ಬ್ಯಾಂಕಿನ ಹೆಸರಿಗೆ ಬರೆದ ಚೆಕ್ಕುಗಳು ಅವನ ಖಾತೆಗೆ ಜಮೆಯಾದವು. ಬ್ಯಾಂಕ್ ಆಫ್ ಕರಾಡ್, ಮೆಟ್ರೊಪಾಲಿಟನ್ ಕೋ-ಆಪರೇಟಿವ್ ಬ್ಯಾಂಕುಗಳಂಥ ಸಣ್ಣ ಬ್ಯಾಂಕುಗಳು ಹಿಂದೆ ಬಾಂಡೇ ಇಲ್ಲದ ರಸೀದಿಗಳನ್ನು ಬರೆದುಕೊಟ್ಟವು. ಹೀಗೆ ಸಿಕ್ಕ ಹಣ ಷೇರುಪೇಟೆಗೆ ಹರಿಯಿತು. ಎಸಿಸಿ ಸಿಮೆಂಟ್ ಕಂಪೆನಿಯ ಷೇರು ಇನ್ನೂರರ ಆಸುಪಾಸಿನಿಂದ ಒಂಬತ್ತು ಸಾವಿರದ ಹತ್ತಿರಕ್ಕೆ ಏರಿತು. 1992ರ ಏಪ್ರಿಲ್ 22ರಂದು ಸೆನ್ಸೆಕ್ಸ್ 4,467ಕ್ಕೆ ಮುಟ್ಟಿತು. ಮರುದಿನ ಸುಚೇತಾ ದಲಾಲ್ ಅವರ ವರದಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಪ್ರಕಟವಾಯಿತು. ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದಾಗ ಹಗರಣದ ಮೊತ್ತ 4,000 ಕೋಟಿ ರೂಪಾಯಿ ಮೀರಿತ್ತು.

ಇದು ನಮ್ಮ ಕರಾವಳಿಯ ಬಾಗಿಲಿಗೂ ಬಂದಿತ್ತೆಂಬುದನ್ನು ಇಲ್ಲಿ ನೆನಪಿಸಬೇಕು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಅಂಗಸಂಸ್ಥೆಗಳಾದ ಕ್ಯಾನ್‌ಫಿನಾ ಮತ್ತು ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಹೆಸರುಗಳು ತನಿಖೆಯ ವರದಿಗಳಲ್ಲಿ ಮತ್ತೆ ಮತ್ತೆ ಬಂದವು. ಮುಂಬೈಯ ದಲಾಲ್ ಸ್ಟ್ರೀಟಿನ ಕಥೆಯೆಂದು ನಾವು ನೋಡಿ ಚಪ್ಪಾಳೆ ತಟ್ಟುವಾಗ, ಆ ಹಣದಲ್ಲಿ ಅಡಿಕೆ ಮಾರಿ ಬಂದ ಹಣವೂ ಇದ್ದಿರಬಹುದೆಂಬ ಯೋಚನೆ ಬಾರದು.

ಇಲ್ಲಿಂದಲೇ ನಮ್ಮ ಆಕ್ಷೇಪ ಶುರುವಾಗುತ್ತದೆ. ಧಾರಾವಾಹಿ ತನ್ನ ಲೋಕವನ್ನು ಎರಡು ಬಗೆಯ ಜನರನ್ನಾಗಿ ಒಡೆಯುತ್ತದೆ. ಒಂದು ಕಡೆ ಅಪಾಯಕ್ಕೆ ಎದೆಯೊಡ್ಡುವವರು. ಇನ್ನೊಂದು ಕಡೆ ಹೆದರುವವರು, ಹಳಬರು, ಹೊಸಬನನ್ನು ತುಳಿಯಲು ನೋಡುವವರು. ಗೂಳಿ ಮತ್ತು ಕರಡಿ. ಘಾಟ್‌ಕೋಪರಿನ ಚಾಳಿನ ಹುಡುಗ ಇಂಗ್ಲಿಷ್ ಮಾತಾಡುವ ಸಿರಿವಂತ ಬ್ಯಾಂಕರುಗಳ ಕೋಟೆಗೆ ನುಗ್ಗುವ ಕಥೆಯಾಗಿ ಇದು ನಮ್ಮನ್ನು ಹಿಡಿಯುತ್ತದೆ. ಆ ಕೋಪ ಸುಳ್ಳಲ್ಲ. ವಿದೇಶಿ ಬ್ಯಾಂಕುಗಳೂ ಅದೇ ಆಟ ಆಡಿದ್ದವು, ಅವರಲ್ಲಿ ಅನೇಕರಿಗೆ ಅವನಿಗಾದಂಥ ಗತಿ ಆಗಲಿಲ್ಲ. ಆದರೆ ಈ ಜಗಳದ ಗದ್ದಲದಲ್ಲಿ ಒಂದು ಸರಳ ಸಂಗತಿ ಮುಚ್ಚಿಹೋಗುತ್ತದೆ. ಹರ್ಷದ್ ಅಪಾಯಕ್ಕೆ ಒಡ್ಡಿದ್ದು ಯಾರ ಹಣವನ್ನು? ಷೇರು ಏರಿದರೆ ಲಾಭ ಅವನದು. ಇಳಿದರೆ ನಷ್ಟ ಬ್ಯಾಂಕಿನದು. ಇದನ್ನು ಧೈರ್ಯವೆಂದು ಕರೆಯುವುದಾದರೆ, ಪಕ್ಕದ ಮನೆಯವನ ಕೋಣವನ್ನು ಕಂಬಳಕ್ಕೆ ಇಳಿಸುವವನೂ ಧೈರ್ಯಶಾಲಿಯೇ.

ಷೇರು ಮುಳುಗಿದಾಗ ಹಾಳಾದವರ ಗೋಳು ಧಾರಾವಾಹಿಯಲ್ಲಿ ಅಲ್ಲಲ್ಲಿ ಕಾಣುತ್ತದೆ. ಅವರು ಆಟಕ್ಕೆ ತಾವಾಗಿಯೇ ಇಳಿದವರು, ಅವರಿಗೆ ಒಂದು ಕಂಬನಿ ಮೀಸಲು. ಆದರೆ ಆಟಕ್ಕೆ ಇಳಿಯಲು ಒಪ್ಪದೆ, ಬೇಡವೆಂದು ಬ್ಯಾಂಕಿನ ಕೌಂಟರಿನಲ್ಲಿ ಹಣ ಕಟ್ಟಿ ರಸೀದಿ ಪಡೆದು ಹೋದವನು ಪಾತ್ರವಾಗಿ ಎಲ್ಲೂ ಬರುವುದಿಲ್ಲ. ಬ್ಯಾಂಕ್ ಆಫ್ ಕರಾಡ್ 1992ರಲ್ಲೇ ಮುಳುಗಿತು. ಅಂದು ಠೇವಣಿ ವಿಮೆಯ ಮಿತಿ ಒಬ್ಬರಿಗೆ 30 ಸಾವಿರ ರೂಪಾಯಿ. ಮರುವರ್ಷ ಅದನ್ನು 1 ಲಕ್ಷಕ್ಕೆ ಏರಿಸಲಾಯಿತು, 5 ಲಕ್ಷವಾದದ್ದು 2020ರಲ್ಲಿ. ಸಾತಾರಾ ಜಿಲ್ಲೆಯ ಆ ಊರಿನಲ್ಲಿ ಬ್ಯಾಂಕಿನ ಮುಚ್ಚಿದ ಬಾಗಿಲ ಮುಂದೆ ನಿಂತ ಒಬ್ಬ ಮುದುಕನ ಮುಖವನ್ನು ಹತ್ತು ಗಂಟೆಯ ಕಥೆಯಲ್ಲಿ ಐದು ನಿಮಿಷ ತೋರಿಸಿದ್ದರೆ ಇಡೀ ಧಾರಾವಾಹಿಯ ಅರ್ಥವೇ ಬೇರೆಯಾಗುತ್ತಿತ್ತು. ಮೇಷ್ಟ್ರು ಹುಡುಕಿದ್ದು ಆ ಮುಖವನ್ನು.

ಹೆದರಿಕೆಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಏಕೆಂದರೆ ಮಗ ತಂದೆಗೆ ಹಾಕಿದ ಆಪಾದನೆ ಅದೇ. ಹಣದ ವಿಷಯದಲ್ಲಿ ಅಪಾಯವನ್ನು ಬೇಡವೆನ್ನುವುದು ಸ್ವಭಾವದ ದೌರ್ಬಲ್ಯವಲ್ಲ, ಅದಕ್ಕೊಂದು ಲೆಕ್ಕಾಚಾರವಿದೆ. ಇದನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಡೇನಿಯಲ್ ಬರ್ನೂಲಿ, 1738ರಷ್ಟು ಹಿಂದೆ. ಅವನು ಕೊಡುವ ಉದಾಹರಣೆ ಹೀಗಿದೆ: ಒಬ್ಬ ಬಡವನಿಗೆ ಒಂದು ಲಾಟರಿ ಚೀಟಿ ಸಿಕ್ಕಿದೆ. ಅದರಿಂದ 20 ಸಾವಿರ ಡುಕಾಟ್ ನಾಣ್ಯ ಬರಬಹುದು, ಇಲ್ಲವೇ ಏನೂ ಬಾರದಿರಬಹುದು. ಎರಡಕ್ಕೂ ಸಮಾನ ಅವಕಾಶ. ಸರಾಸರಿ ಲೆಕ್ಕದಲ್ಲಿ ಚೀಟಿಯ ಬೆಲೆ 10 ಸಾವಿರ. ಆದರೂ ಅವನು ಅದನ್ನು 9 ಸಾವಿರಕ್ಕೆ ಮಾರಿದರೆ ಅದು ಮೂರ್ಖತನವಲ್ಲ. ಅದೇ ಬೆಲೆಗೆ ಅದನ್ನು ಕೊಳ್ಳದೆ ಬಿಡುವ ಸಿರಿವಂತ ಮಾತ್ರ ಮೂರ್ಖ. ಇಬ್ಬರೂ ಸರಿ, ಏಕೆಂದರೆ ಬಡವನ ಮೊದಲ 9 ಸಾವಿರಕ್ಕೂ ಸಿರಿವಂತನ 9 ಸಾವಿರಕ್ಕೂ ತೂಕ ಬೇರೆ. ಮಗಳ ಮದುವೆಗೆಂದು ಇಟ್ಟ ಎರಡು ಲಕ್ಷ ಒಂದೂವರೆ ಲಕ್ಷವಾದರೆ ಆಗುವ ಪೆಟ್ಟನ್ನು, ಅದು ಎರಡೂವರೆ ಲಕ್ಷವಾದಾಗ ಆಗುವ ಸಂತೋಷ ಸರಿದೂಗಿಸಲಾರದು. ಡೇನಿಯಲ್ ಕಾನ್‌ಮನ್ ಮತ್ತು ಎಮೋಸ್ ಟ್ವರ್ಸ್ಕಿ 1979ರಲ್ಲಿ ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡಿದರು. ಕಳೆದುಕೊಂಡ ನೋವು ಗಳಿಸಿದ ಖುಷಿಗಿಂತ ಹೆಚ್ಚು ಭಾರ ತೂಗುತ್ತದೆ ಎಂದು ತೋರಿಸಿದರು. ಅದು ಸುಮಾರು ಎರಡರಷ್ಟೆಂದು ಮುಂದಿನ ಪ್ರಯೋಗಗಳು ಹೇಳಿದವು.

ಇದೆಲ್ಲ ಗೊತ್ತಿದ್ದೂ ಅರ್ಥಶಾಸ್ತ್ರಜ್ಞರಿಗೆ ಒಂದು ಒಗಟು ಉಳಿದಿತ್ತು. ರಜನೀಶ್ ಮೆಹ್ರಾ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1985ರಲ್ಲಿ ಅಮೆರಿಕದ 1889ರಿಂದ 1978ರವರೆಗಿನ ಲೆಕ್ಕ ತೆಗೆದರು. ಬೆಲೆ ಏರಿಕೆಯನ್ನು ಕಳೆದ ಮೇಲೆ ಷೇರುಗಳು ವರ್ಷಕ್ಕೆ ಸರಾಸರಿ ಶೇಕಡಾ 7ರಷ್ಟು ಕೊಟ್ಟಿದ್ದವು. ಅಲ್ಪಾವಧಿಯ ಭದ್ರ ಸಾಲಪತ್ರಗಳು ಶೇಕಡಾ 1 ಕೂಡ ಕೊಟ್ಟಿರಲಿಲ್ಲ. ಇಷ್ಟು ಅಂತರವಿದ್ದರೂ ಜನ ಏಕೆ ಸಾಲಪತ್ರ ಕೊಳ್ಳುತ್ತಾರೆ? ಬರೀ ಹೆದರಿಕೆಯಿಂದ ಎನ್ನಬೇಕಾದರೆ ಮನುಷ್ಯನನ್ನು ನಂಬಲಾರದಷ್ಟು ಪುಕ್ಕಲನೆಂದು ಭಾವಿಸಬೇಕಾಗುತ್ತದೆ. ಹತ್ತು ವರ್ಷದ ನಂತರ ಬೆನಾರ್ಟ್ಸಿ ಮತ್ತು ಥೇಲರ್ ಒಂದು ಉತ್ತರ ಕೊಟ್ಟರು. ಜನ ಮೂವತ್ತು ವರ್ಷಕ್ಕೆಂದು ಹಣ ಇಟ್ಟು, ಪ್ರತಿ ವರ್ಷ ತೆರೆದು ನೋಡುತ್ತಾರೆ. ನೋಡಿದಾಗಲೆಲ್ಲ ಇಳಿದದ್ದೇ ಕಣ್ಣಿಗೆ ಕುಕ್ಕುತ್ತದೆ. ಅಂದರೆ ಕಡಿಮೆ ನೋಡುವವನು ಹೆಚ್ಚು ಸಹಿಸುತ್ತಾನೆ. ಈಗಿನ ಮೊಬೈಲ್ ಆಪ್‌ಗಳು ಪ್ರತಿ ನಿಮಿಷಕ್ಕೂ ಕೆಂಪು ಹಸಿರು ಬಣ್ಣ ತೋರಿಸುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮಗಾದರೋ ಆ ಒಗಟು ಅಷ್ಟು ದೊಡ್ಡ ಒಗಟಾಗಿ ಕಾಣುವುದಿಲ್ಲ. ಷೇರು ಬೀಳುವುದು ಯಾವಾಗ ಎಂಬುದನ್ನು ಬಡವ ಬಲ್ಲ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಬಿತ್ತು. ಅದೇ ವಾರ ಅಂಗಡಿಗಳು ಮುಚ್ಚಿದವು, ಸಂಬಳಗಳು ನಿಂತವು, ಗಲ್ಫಿನಲ್ಲಿದ್ದವರು ವಿಮಾನಕ್ಕಾಗಿ ಕಾದು ಕುಳಿತರು. ಉಳಿತಾಯ ಬೇಕಾಗುವ ದಿನವೇ ಉಳಿತಾಯ ಕರಗುವುದು ಷೇರಿನ ಗುಣ. ಮುಂದಿನ ನವೆಂಬರಿನಲ್ಲಿ ಸೂಚ್ಯಂಕ ಮತ್ತೆ ಮೇಲೇರಿತೆಂದು ಹೇಳುವವನಿಗೆ ಏಪ್ರಿಲ್, ಮೇ, ಜೂನ್ ತಿಂಗಳ ಮನೆ ಬಾಡಿಗೆ ಕಟ್ಟಬೇಕಾದ ತಾಪತ್ರಯ ಇರಲಿಕ್ಕಿಲ್ಲ.

ಇಷ್ಟು ಹೇಳಿ ಮೇಷ್ಟ್ರ ಪಕ್ಷವನ್ನೇ ಪೂರ್ತಿ ಹಿಡಿದರೂ ತಪ್ಪಾಗುತ್ತದೆ. ಹರ್ಷದ್‌ನ ಕಾಲದಲ್ಲಿ ಬ್ಯಾಂಕುಗಳು ಠೇವಣಿಗೆ ಶೇಕಡಾ 12, 13 ಬಡ್ಡಿ ಕೊಡುತ್ತಿದ್ದವು. ಅದನ್ನು ಕೇಳಿದರೆ ಈಗ ಬಾಯಲ್ಲಿ ನೀರೂರುತ್ತದೆ. ಆದರೆ 1991ರಲ್ಲಿ ಬೆಲೆ ಏರಿಕೆಯೂ ಶೇಕಡಾ 13ರ ಆಸುಪಾಸಿನಲ್ಲೇ ಇತ್ತು. ಬಡ್ಡಿ ತಿಂದವನೂ ಇದ್ದಲ್ಲೇ ಇದ್ದ, ಬಡ್ಡಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟವನು ವರ್ಷಕ್ಕೆ ನೂರರಲ್ಲಿ ಹದಿಮೂರು ಕಳೆದುಕೊಳ್ಳುತ್ತಿದ್ದ. ಭದ್ರತೆಯೆಂಬುದೂ ಒಂದು ಬಗೆಯ ನಷ್ಟವೇ, ಆದರೆ ಅದು ಸದ್ದಿಲ್ಲದೆ ಆಗುತ್ತದೆ. ಧಾರಾವಾಹಿಯ ನಾಯಕ ಇದನ್ನು ಬಲ್ಲವನಾಗಿದ್ದ. ಈ ದೇಶ ಬೆಳೆಯುತ್ತದೆ, ಬೆಳೆದಂತೆ ಕಂಪೆನಿಗಳೂ ಬೆಳೆಯುತ್ತವೆ ಎಂಬ ಅವನ ಮಾತು ಸುಳ್ಳಾಗಲಿಲ್ಲ. ಆದರೆ ಎಷ್ಟು ಕಾಲದ ನಂತರ? 1992ರ ಏಪ್ರಿಲಿನಲ್ಲಿ 4,467ರಲ್ಲಿ ಕೊಂಡವನು 2003ರ ಏಪ್ರಿಲಿನಲ್ಲಿ ಪತ್ರಿಕೆ ತೆರೆದರೆ ಸೆನ್ಸೆಕ್ಸ್ 3,000ದ ಹತ್ತಿರ ಇತ್ತು. ಹನ್ನೊಂದು ವರ್ಷ! ಅಷ್ಟರಲ್ಲಿ ಬ್ಯಾಂಕಿನಲ್ಲಿಟ್ಟವನ ಹಣ ಬಡ್ಡಿ ಸೇರಿ ಎರಡು ಪಟ್ಟನ್ನು ಮೀರಿತ್ತು. ಆಮೇಲೆ ಐದೇ ವರ್ಷದಲ್ಲಿ, 2008ರ ಜನವರಿಯಲ್ಲಿ ಅದೇ ಸೂಚ್ಯಂಕ 20 ಸಾವಿರಕ್ಕಿಂತ ಮೇಲಿತ್ತು. ಹರ್ಷದ್ ಅದನ್ನು ನೋಡಲಿಲ್ಲ. 2001ರ ಡಿಸೆಂಬರ್ 31ರಂದು, ಬಂಧನದಲ್ಲಿದ್ದಾಗಲೇ, 47ರ ಹರೆಯದಲ್ಲಿ ತೀರಿಕೊಂಡ. ಧಾರಾವಾಹಿ ಅಲ್ಲಿಗೆ ನಿಲ್ಲುತ್ತದೆ. ಷೇರು ಮತ್ತು ಠೇವಣಿಯ ನಿಜವಾದ ಕಥೆ ಈ ಹನ್ನೊಂದು ವರ್ಷ ಮತ್ತು ಐದು ವರ್ಷಗಳಲ್ಲಿ ಇದೆ. ಕಾಯಬಲ್ಲವನಿಗೆ ಷೇರು, ಕಾಯಲಾರದವನಿಗೆ ಠೇವಣಿ ಎಂದು ಸುಲಭವಾಗಿ ಹೇಳಬಹುದು. ಆದರೆ ಕಾಯುವ ಶಕ್ತಿಯೂ ಆಸ್ತಿಯೇ, ಅದು ಎಲ್ಲರಲ್ಲೂ ಸಮನಾಗಿ ಇರುವುದಿಲ್ಲ.

ಇನ್ನು 'ಬಾಂಡು ಎಂದರೆ ಭದ್ರ' ಎಂಬ ನಂಬಿಕೆ. ಇದನ್ನು ಒಡೆಯಲು 1992 ಸಾಲದೆಂಬಂತೆ ನಂತರವೂ ಪಾಠಗಳಾದವು. ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆಯಲ್ಲಿ ಕೋಟಿಗಟ್ಟಲೆ ಮಧ್ಯಮ ವರ್ಗದವರು ಹಣವಿಟ್ಟಿದ್ದರು. ಅದು ಸರಕಾರದ ಠೇವಣಿಯಂತೆ ಎಂದು ಅವರು ತಿಳಿದಿದ್ದರು. ಒಳಗೆ ಬಹುಪಾಲು ಷೇರುಗಳಿದ್ದವು. 2001ರ ಜುಲೈಯಲ್ಲಿ ಮರುಖರೀದಿಯನ್ನು ಆರು ತಿಂಗಳು ನಿಲ್ಲಿಸಿದಾಗ ಮಾತ್ರ ಅವರಿಗೆ ತಾವು ಕೊಂಡದ್ದೇನೆಂದು ತಿಳಿಯಿತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,400 ಕೋಟಿಗೂ ಹೆಚ್ಚು ಮೊತ್ತದ ಒಂದು ಬಗೆಯ ಬಾಂಡುಗಳನ್ನು ಸೊನ್ನೆಯೆಂದು ಬರೆದುಹಾಕಲಾಯಿತು. ಠೇವಣಿಗಿಂತ ಹೆಚ್ಚು ಬಡ್ಡಿಯ ಠೇವಣಿ ಎಂದು ಅವನ್ನು ಅನೇಕ ಹಿರಿಯರಿಗೆ ಮಾರಲಾಗಿತ್ತು. ವ್ಯಾಜ್ಯ ನ್ಯಾಯಾಲಯಗಳ ಮೆಟ್ಟಲೇರಿತು. ಮರು ತಿಂಗಳು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲನಿಧಿಗಳನ್ನು ಮುಚ್ಚಿತು, ಸುಮಾರು 25 ಸಾವಿರ ಕೋಟಿ ಸಿಲುಕಿತು. ಈ ಹಣವೇನೋ ನಿಧಾನವಾಗಿ ಮರಳಿ ಬಂತು. ಆದರೆ ಮಗಳ ಮದುವೆ ನಿಧಾನವಾಗಿ ಬರುವುದಿಲ್ಲ. ಜನ ಈ ಎಲ್ಲ ಕಡೆ ಕೊಂಡದ್ದು ಹೆಸರನ್ನು, ವಸ್ತುವನ್ನಲ್ಲ.

ಹೆಸರನ್ನು ಕೊಳ್ಳುವ ಈ ಚಾಳಿಯ ಬಗ್ಗೆ ಮುಸ್ಲಿಮರಾದ ನಮಗೆ ಬೇರೆಯವರಿಗೆ ಬೆರಳು ತೋರಿಸುವ ಅಧಿಕಾರವಿಲ್ಲ. ಬಡ್ಡಿ ನಿಷಿದ್ಧವಾದ್ದರಿಂದ ಸಾಲಪತ್ರದ ಬಾಗಿಲು ನಮ್ಮಲ್ಲಿ ಅನೇಕರಿಗೆ ಮುಚ್ಚಿದೆ. ಷೇರಿನ ಬಾಗಿಲು ತೆರೆದಿದೆ. ಮದ್ಯ, ಬಡ್ಡಿ ವ್ಯವಹಾರಗಳಂಥವನ್ನು ಸೋಸಿ ತೆಗೆದ ಕಂಪೆನಿಗಳ ಶರೀಅ ಸೂಚ್ಯಂಕವೊಂದನ್ನು ಮುಂಬೈ ಷೇರುಪೇಟೆ 2010ರ ಡಿಸೆಂಬರಿನಲ್ಲೇ ಆರಂಭಿಸಿತು. ತತ್ತ್ವವೂ ಸರಳ: ಲಾಭ ಬೇಕಾದವನು ನಷ್ಟದ ಹೊಣೆಯನ್ನೂ ಹೊರಬೇಕು. ಖದೀಜಾ ಅವರ ಬಂಡವಾಳದಲ್ಲಿ ಪ್ರವಾದಿಯವರು ವ್ಯಾಪಾರಕ್ಕೆ ಹೋದದ್ದು ಈ ಬಗೆಯ ಪಾಲುದಾರಿಕೆಯಲ್ಲೇ. ಇಷ್ಟಿದ್ದೂ ನಮ್ಮವರು ಷೇರಿಗೆ ಹೆದರುತ್ತಾರೆ. ಗಲ್ಫಿನಿಂದ ಬಂದ ಹಣ ಚಿನ್ನವಾಗುತ್ತದೆ, ಸೈಟು ಆಗುತ್ತದೆ, ಉಳಿದದ್ದು ಯಾರದೋ ಅಂಗಡಿಯ ಪಾಲಾಗುತ್ತದೆ. ನಮಗೆ ಬಡ್ಡಿ ಬೇಡ, ಆದರೆ ಬಡ್ಡಿಯಂತೆ ತಿಂಗಳು ತಿಂಗಳು ತಪ್ಪದೆ ಬರುವ ಹಣ ಬೇಕು. ಷೇರಿನ ಹೆಸರು ಬೇಕು, ಷೇರಿನ ಏರಿಳಿತ ಬೇಡ.

ಈ ಆಸೆಯನ್ನು ಚೆನ್ನಾಗಿ ಓದಿಕೊಂಡದ್ದು ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ. ಹಣ ಕಟ್ಟಿದವರನ್ನು ಕಾಗದದ ಮೇಲೆ ಪಾಲುದಾರರನ್ನಾಗಿ ಮಾಡಿ, ತಿಂಗಳಿಗೆ 'ಲಾಭಾಂಶ' ಕೊಡುತ್ತ ಬಂದ ಈ ಸಂಸ್ಥೆ 2019ರ ಜೂನಿನಲ್ಲಿ, ಈದ್ ಹಬ್ಬ ಕಳೆದ ಕೆಲವೇ ದಿನಗಳಲ್ಲಿ ಬಾಗಿಲು ಹಾಕಿತು. ಮಾಲೀಕ ದುಬೈಗೆ ಹೋಗಿದ್ದ. 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಶಿವಾಜಿನಗರದ ಕಚೇರಿಯ ಮುಂದೆ ಬುರ್ಖಾ ತೊಟ್ಟ ಹೆಂಗಸರು ದಾಖಲೆಗಳ ಪ್ಲಾಸ್ಟಿಕ್ ಚೀಲ ಹಿಡಿದು ಬಿಸಿಲಲ್ಲಿ ನಿಂತ ಚಿತ್ರಗಳನ್ನು ಮರೆಯಲಾಗುವುದಿಲ್ಲ. ಅವರಲ್ಲಿ ಯಾರೂ ಅಪಾಯವನ್ನು ಪ್ರೀತಿಸಿದವರಲ್ಲ. ಅವರು ಅಪಾಯವನ್ನು ದೂರವಿಡಲು ಹೋದವರು. ನಿಜವಾದ ವ್ಯಾಪಾರದಲ್ಲಿ ಲಾಭ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇಲ್ಲ. ಎಂದೂ ನಷ್ಟವಾಗದ ಪಾಲುದಾರಿಕೆ ಪಾಲುದಾರಿಕೆಯೇ ಅಲ್ಲ ಎಂದು ಹೇಳಬೇಕಾದವರು, ಅಂದರೆ ಧರ್ಮದ ತಿಳಿವಳಿಕೆ ಇದ್ದವರು, ಕೆಲವರು ಸುಮ್ಮನಿದ್ದರು, ಕೆಲವರು ಹೊಗಳಿದರು. ನಮ್ಮ ಪತ್ರಿಕೆಗಳೂ ಮೊದಲೇ ಎಚ್ಚರಿಸಿದ್ದು ಸಾಲದು. ನಾವೂ ಅದರಲ್ಲಿ ಸೇರಿದವರೇ.

ಸರಕಾರದ ಪಾಲೂ ಇದೆ. ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲೇ ಶಿಫಾರಸು ಮಾಡಿತ್ತು. ಬಹುಕಾಲ ಕಡತಗಳಲ್ಲಿ ಅಲೆದ ಆ ವಿಷಯವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ಬಡ್ಡಿಯ ಬದಲು ಆಸ್ತಿಯ ಬಾಡಿಗೆಯಂಥ ಆದಾಯವನ್ನು ಹಂಚುವ ಸುಕೂಕ್ ಪತ್ರಗಳನ್ನು ಬ್ರಿಟನ್ ಸರಕಾರ 2014ರಲ್ಲಿ ಹೊರಡಿಸಿತು. ನಮ್ಮ ಸರಕಾರ ಹೊರಡಿಸಿಲ್ಲ. ನ್ಯಾಯವಾದ ಬಾಗಿಲು ಮುಚ್ಚಿದಲ್ಲಿ ಕಳ್ಳಬಾಗಿಲು ತೆರೆಯುತ್ತದೆ. ಇದೇ ಕರಾವಳಿಯ ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಐದು ಸಾವಿರ ರೂಪಾಯಿ ಬಂಡವಾಳದಿಂದ ಬ್ಯಾಂಕೊಂದನ್ನು ಶುರು ಮಾಡಿದ್ದರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ಬೆಳೆದ ಅದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಬಡ್ಡಿಯ ಚರ್ಚೆ ಏನೇ ಇರಲಿ, ಜಾತಿ ಮತ ನೋಡದೆ ಊರಿನವರೆಲ್ಲ ಅವರನ್ನು ನಂಬಿ ಹಣವಿಟ್ಟರು, ಅವರೂ ಆ ಹಣವನ್ನು ಎಲ್ಲೋ ಜೂಜಿಗಿಡಲಿಲ್ಲ. ಅಂಥ ಒಬ್ಬರ ಕಥೆಯನ್ನು ಧಾರಾವಾಹಿ ಮಾಡುವವರು ಇಲ್ಲ. ಮಾಡಿದರೆ ಹಿನ್ನೆಲೆ ಸಂಗೀತಕ್ಕೆ ಕೆಲಸ ಕಡಿಮೆ.

ಮತ್ತೆ ಧಾರಾವಾಹಿಗೆ ಬರೋಣ. ಅದರಲ್ಲಿ ತಮ್ಮದನ್ನೇ ಅಪಾಯಕ್ಕೆ ಒಡ್ಡಿದವರು ಇಲ್ಲವೇ ಎಂದರೆ, ಇದ್ದಾರೆ. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 500 ಕೋಟಿ ಕಾಣೆಯಾಗಿದೆ ಎಂಬ ಗುಟ್ಟನ್ನು ಹೊತ್ತು ಪತ್ರಿಕಾ ಕಚೇರಿಗೆ ಬರುವ ಆ ಬೆವರು ಸುರಿಸುವ ನೌಕರ, ಶಾರಿಬ್ ಹಾಶ್ಮಿ ಮಾಡಿರುವ ಪಾತ್ರ, ತನ್ನ ಕೆಲಸವನ್ನೇ ಪಣಕ್ಕಿಟ್ಟವನು. ಶ್ರೇಯಾ ಧನ್ವಂತರಿ ಅಭಿನಯದ ಸುಚೇತಾ ದಲಾಲ್ ತನ್ನ ಹೆಸರನ್ನು ಪಣಕ್ಕಿಟ್ಟವರು. ಸೋತರೆ ಸೋಲು ಅವರದೇ ಆಗುತ್ತಿತ್ತು. ಕಥೆ ಇವರಿಂದಲೇ ಆರಂಭವಾಗುತ್ತದೆ. ಆದರೆ ನಿರ್ದೇಶಕರಿಗೆ ಇವರ ಮೇಲೆ ಗೌರವವಿದೆ, ಪ್ರೀತಿ ಇರುವುದು ಹರ್ಷದ್‌ನ ಮೇಲೆ. ಅವನು ಬಾಗಿಲಿನಿಂದ ಬಂದಾಗಲೆಲ್ಲ ಕ್ಯಾಮರಾ ಕೆಳಗಿನಿಂದ ಮೇಲೆ ನೋಡುತ್ತದೆ, ಸಂಗೀತ ಏರುತ್ತದೆ. ಸುಚೇತಾ ಬಂದಾಗ ಪ್ರಶ್ನೆಗಳು ಬರುತ್ತವೆ. ಮಣಿರತ್ನಂ ಅವರ 'ಗುರು' ಚಿತ್ರದಲ್ಲೂ 2007ರಲ್ಲಿ ಇದೇ ಆಗಿತ್ತು. ನಿಯಮ ಮುರಿದವನು ನಮ್ಮಂತೆ ಬಡವನಾಗಿ ಹುಟ್ಟಿದ್ದನೆಂದರೆ ಸಾಕು, ನಿಯಮವೇ ಅಪರಾಧಿಯಾಗಿಬಿಡುತ್ತದೆ. ನಿಯಮದ ಆಚೆ ಬದಿಯಲ್ಲಿ ನಿಂತವನೂ ಬಡವನೇ ಎಂಬುದನ್ನು ನೋಡಲು ಕ್ಯಾಮರಾ ಅತ್ತ ತಿರುಗಬೇಕು.

ಮೇಷ್ಟ್ರ ಮನೆಯಲ್ಲಿ ಮುಂದೇನಾಯಿತೆಂದು ಓದುಗರು ಕೇಳಬಹುದು. ಮಗನ ಮೊಬೈಲನ್ನು ಒಂದು ಸಂಜೆ ಅವರು ಪಡೆದು ನೋಡಿದಾಗ, ಅವನು ಷೇರು ಕೊಂಡಿಟ್ಟಿರಲಿಲ್ಲ. ಇಂದು ಕೊಂಡು ಇಂದೇ ಮಾರುವ, ಏರುವುದೋ ಇಳಿಯುವುದೋ ಎಂದು ಪಣ ಕಟ್ಟುವ ಆಪ್ಷನ್ ವ್ಯವಹಾರದಲ್ಲಿದ್ದ. ಸೆಬಿ 2024ರಲ್ಲಿ ಹೇಳಿದ ಲೆಕ್ಕದಂತೆ 2021-22ರಿಂದ ಮೂರು ವರ್ಷ ಈ ಬಗೆಯ ವಹಿವಾಟು ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದಾರೆ. ಕಳೆದುಕೊಂಡ ಒಟ್ಟು ಹಣ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದು ಹಲಾಲೋ ಅಲ್ಲವೋ ಎಂದು ಮಗ ವಾದಕ್ಕಿಳಿದ. ಮೇಷ್ಟ್ರು, "ಅದಿರಲಿ, ಮೊದಲು ಮೊತ್ತ ಹೇಳು" ಎಂದರಂತೆ. ಅವನು ಹೇಳಲಿಲ್ಲ.

ಮೂರು ವರ್ಷದ ಮನೆ ಖರ್ಚು ಮತ್ತು ಆಸ್ಪತ್ರೆಗೆಂದು ಒಂದಿಷ್ಟನ್ನು ಮೇಷ್ಟ್ರು ಬ್ಯಾಂಕಿನಲ್ಲೇ ಬಿಟ್ಟಿದ್ದಾರೆ. ಉಳಿದದ್ದರಲ್ಲಿ ಅರ್ಧವನ್ನು, ಮುಳುಗಿದರೂ ಊಟಕ್ಕೆ ತೊಂದರೆಯಾಗದಷ್ಟನ್ನು, ಶರೀಅ ಸೂಚ್ಯಂಕದ ಫಂಡಿಗೆ ತಿಂಗಳಿಗಿಷ್ಟರಂತೆ ಹಾಕುತ್ತಿದ್ದಾರೆ. ಪಾಸ್‌ವರ್ಡನ್ನು ಮಗನಿಗೆ ಕೊಟ್ಟಿಲ್ಲ. ತಾವೂ ವರ್ಷಕ್ಕೊಮ್ಮೆ ಮಾತ್ರ, ಬಡ್ಡಿಯ ಲೆಕ್ಕ ಹಾಕುವ ದಿನ, ತೆರೆದು ನೋಡುತ್ತಾರಂತೆ.